ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಬಗ್ಗೇನೇ, ಅದ್ರಲ್ಲೂ ಎಪ್ಪತ್ತು ಎಂಬತ್ತರ ದಶಕದ ಹಳೇ ಪೀಸ್‌ಗಳ ಬಗ್ಗೆ. ಆಂಪ್, ಪೆಡಲ್ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಪೂರ್ತಿ ಇದನ್ನೇ ತಗೊಂಡಿದೀನಿ.

ಪ್ರಶ್ನೆ: ನಾನಿರೋದು ಬೆಂಗಳೂರಿನ ಜಯನಗರ, ಕಾಲೇಜಿಂದಾನೂ ಗಿಟಾರ್ ನುಡಿಸ್ತಿದೀನಿ. ಪರಿಚಯದವರೊಬ್ರು 1976ರ ಫೆಂಡರ್ ಸ್ಟ್ರಾಟೋಕಾಸ್ಟರ್ ಮಾರ್ತಿದಾರೆ. ಅವ್ರ ಚಿಕ್ಕಪ್ಪ ಅಮೆರಿಕಾದಿಂದ ತಂದಿದ್ದಂತೆ, ಎಲ್ಲಾ ಒರಿಜಿನಲ್ ಅಂತಾರೆ, ಮೂರೂಕಾಲು ಲಕ್ಷ ಹೇಳ್ತಿದಾರೆ. ಹೆಡ್‌ಸ್ಟಾಕ್ (ಬಿರಡೆಗಳಿರೋ ತುದಿ) ಮೇಲಿನ ಸೀರಿಯಲ್ ನಂಬರ್ 76ರಿಂದಾನೇ ಶುರುವಾಗುತ್ತೆ. ಇಷ್ಟು ನೋಡಿದ್ರೆ ಸಾಕಾ ಸರ್?

ಉತ್ತರ: ಸಾಕಾಗಲ್ಲ. ಫೆಂಡರ್‌ನೋರು ಸೀರಿಯಲ್ ನಂಬರನ್ನ ನೆಕ್ ಪ್ಲೇಟಿಂದ (ಗಿಟಾರಿನ ಉದ್ದನೆ ಕತ್ತನ್ನ, ಅಂದ್ರೆ ನೆಕ್ಕನ್ನ, ಬಾಡಿಗೆ ಬಿಗಿಯೋ ಲೋಹದ ತಗಡು) ಹೆಡ್‌ಸ್ಟಾಕ್‌ಗೆ ತಂದಿದ್ದೇ 1976ರಲ್ಲಿ, ಹಾಗಾಗಿ ನಂಬರ್ ಇರೋ ಜಾಗ ಸರಿಯಾಗೇ ಇದೆ, ಆದ್ರೆ ಅಲ್ಲಿರೋದು ಒಂದು ಸ್ಟಿಕರ್ ಅಷ್ಟೇ, ಅಂಥ ಸ್ಟಿಕರ್ ಯಾರು ಬೇಕಾದ್ರೂ ಪ್ರಿಂಟ್ ಮಾಡಿಸ್ಬೋದು. ಹಳೇ ಕಾರು ಕೊಳ್ಳೋನು ಓಡೋಮೀಟರ್ ಒಂದನ್ನೇ ನಂಬಿ ದುಡ್ಡು ಕೊಟ್ಟ ಹಾಗಾಗುತ್ತೆ. ಸ್ಟ್ರಾಟೋಕಾಸ್ಟರ್ ಅನ್ನೋದು ನಾಲ್ಕು ಸ್ಕ್ರೂ ಬಿಚ್ಚಿದ್ರೆ (1976ರದ್ದಾದ್ರೆ ಮೂರೇ) ನೆಕ್ ಬೇರೆ ಬಾಡಿ ಬೇರೆ ಆಗೋ ಗಿಟಾರ್, ಐವತ್ತು ವರ್ಷದಲ್ಲಿ ಯಾರ್ಯಾರು ಏನೇನು ಬದಲಾಯಿಸಿದಾರೋ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ನನ್ನ ಮೊದಲ ಮಾತು ಏನಂದ್ರೆ, ಬಿಚ್ಚಿ ತೋರಿಸೋಕೆ ಒಪ್ಪದ ಗಿಟಾರಿಗೆ ಮೂರು ಲಕ್ಷ ಕೊಡ್ಬೇಡಿ. ಮಾರೋರು ಒಳ್ಳೆಯವರೇ ಇರ್ಬೋದು, ಚಿಕ್ಕಪ್ಪನ ಕಥೆನೂ ನಿಜಾನೇ ಇರ್ಬೋದು, ಆದ್ರೆ ಚಿಕ್ಕಪ್ಪನೇ 1985ರಲ್ಲಿ ಪಿಕಪ್ (ತಂತಿಯ ಕಂಪನನ ಕರೆಂಟಾಗಿ ಮಾಡೋ ಮ್ಯಾಗ್ನೆಟ್ ಸುರುಳಿ) ಬದಲಾಯಿಸಿದ್ರೆ ಈಗ ಮಾರ್ತಿರೋ ಹುಡುಗನಿಗೆ ಅದು ಹೇಗೆ ಗೊತ್ತಿರುತ್ತೆ ಹೇಳಿ.

ಬಿಚ್ಚೋ ಮುಂಚೆ ಹೊರಗೇ ನೋಡೋದು ಸ್ವಲ್ಪ ಇದೆ. 1976ರ ಸ್ಟ್ರಾಟ್‌ಗೆ ದೊಡ್ಡ ಹೆಡ್‌ಸ್ಟಾಕ್ ಇರ್ಬೇಕು, ನಟ್ (ನೆಕ್ ತುದೀಲಿ ತಂತಿ ಕೂರೋ ಪಟ್ಟಿ) ಹತ್ರ ಬುಲೆಟ್ ಆಕಾರದ ಟ್ರಸ್ ರಾಡ್ (ನೆಕ್ ಬಾಗು ಸರಿ ಮಾಡೋ ಒಳಗಿನ ಕಂಬಿ) ತುದಿ ಕಾಣ್ಬೇಕು, ಹಿಂದೆ ಮೂರು ಬೋಲ್ಟ್ ಇರೋ ನೆಕ್ ಪ್ಲೇಟ್, ಅದ್ರಲ್ಲಿ ಅಲೆನ್ ಕೀ ಹೋಗೋ ಪುಟ್ಟ ತೂತು. ಪಿಕಪ್ ಮೇಲೆ ಕಾಣೋ ಆರು ಮ್ಯಾಗ್ನೆಟ್ ತುದಿಗಳು ಒಂದೇ ಮಟ್ಟದಲ್ಲಿರ್ಬೇಕು, ಯಾಕಂದ್ರೆ ಹೆಚ್ಚು ಕಮ್ಮಿ ಎತ್ತರದ ಮ್ಯಾಗ್ನೆಟ್‌ಗಳನ್ನ ಫೆಂಡರ್ 1974ರ ಕೊನೆ ಹೊತ್ತಿಗೆ ಬಿಟ್ಟಿತ್ತು. ಸ್ವಿಚ್ ಐದು ಜಾಗಕ್ಕೆ ಕೂರುತ್ತಾ ಮೂರಕ್ಕಾ ನೋಡಿ. ಐದರ ಸ್ವಿಚ್ ಫ್ಯಾಕ್ಟರಿಯಿಂದ ಬರೋಕೆ ಶುರುವಾಗಿದ್ದು 1977ರಲ್ಲಿ. ಹಳೇ ಗಿಟಾರಿಗೆ ಐದರ ಸ್ವಿಚ್ ಆಮೇಲೆ ಹಾಕಿಸ್ಕೊಂಡೋರು ಸಾವಿರಾರು ಜನ, ಅದು ದೊಡ್ಡ ದೋಷ ಅಲ್ಲ, ಆದ್ರೆ "ಎಲ್ಲಾ ಒರಿಜಿನಲ್" ಅನ್ನೋ ಮಾತು ಅಲ್ಲೇ ಸುಳ್ಳಾಗುತ್ತೆ, ರೇಟ್ ಮಾತಾಡೋಕೆ ನಿಮಗೊಂದು ಕಾರಣ ಸಿಗುತ್ತೆ.

ಆಮೇಲೆ ಪಿಕ್‌ಗಾರ್ಡ್ (ಬಾಡಿ ಮುಂದಿನ ಪ್ಲಾಸ್ಟಿಕ್ ತಗಡು) ಎತ್ತಿಸಿ. ತಂತಿ ಸಡಿಲ ಮಾಡಿ ಹನ್ನೊಂದು ಸ್ಕ್ರೂ ತೆಗೆದ್ರೆ ಆಯ್ತು, ಹತ್ತು ನಿಮಿಷದ ಕೆಲಸ. ಒಳಗೆ ವಾಲ್ಯೂಮ್, ಟೋನ್ ಪಾಟ್‌ಗಳ (ಗುಂಡಿ ಕೆಳಗೆ ತಿರುಗೋ ಭಾಗ) ಲೋಹದ ಮೈ ಮೇಲೆ ಒಂದು ನಂಬರ್ ಒತ್ತಿರ್ತಾರೆ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದ್ರೆ ಕಾಣುತ್ತೆ. ಉದಾಹರಣೆಗೆ 1377622 ಅಂತ ಇದ್ರೆ, 137 ಅಂದ್ರೆ ಸಿಟಿಎಸ್ ಕಂಪನಿ, 76 ಅಂದ್ರೆ 1976, 22 ಅಂದ್ರೆ ಆ ವರ್ಷದ ಇಪ್ಪತ್ತೆರಡನೇ ವಾರ. 304 ಅಂತ ಶುರುವಾದ್ರೆ ಸ್ಟ್ಯಾಕ್‌ಪೋಲ್ ಕಂಪನಿದು. ಇಲ್ಲಿ ಒಂದು ಸೂಕ್ಷ್ಮ ಇದೆ, ಪಾಟ್ ಮೇಲಿನ ತಾರೀಕು ಗಿಟಾರ್ ಹುಟ್ಟಿದ ತಾರೀಕಲ್ಲ, ಗಿಟಾರ್ ಅದಕ್ಕಿಂತ ಮುಂಚೆ ಆಗಿರೋಕೆ ಸಾಧ್ಯ ಇಲ್ಲ ಅಂತ ಮಾತ್ರ ಅದು ಹೇಳುತ್ತೆ. ಫೆಂಡರ್ 1966ರಲ್ಲಿ ರಾಶಿ ಪಾಟ್ ತಂದು ಹಾಕ್ಕೊಂಡಿತ್ತು, ಅವನ್ನೇ ಅರವತ್ತರ ದಶಕದ ಕೊನೆ ತನಕ ಬಳಸ್ತು, ಹಾಗಾಗಿ 1969ರ ಗಿಟಾರ್‌ನಲ್ಲಿ 66ರ ಪಾಟ್ ಸಿಕ್ಕಿದ್ರೆ ಗಾಬರಿ ಬೇಡ. ಆದ್ರೆ ನಿಮ್ಮ 76ರ ಗಿಟಾರ್‌ನಲ್ಲಿ 82ರ ಪಾಟ್ ಕಂಡ್ರೆ ಯಾರೋ ಬದಲಾಯಿಸಿದಾರೆ ಅಂತಲೇ ಅರ್ಥ. ಬೆಸುಗೆನೂ ನೋಡಿ. ಹಳೇ ಬೆಸುಗೆ ಮಂಕಾಗಿರುತ್ತೆ, ಧೂಳು ಕೂತಿರುತ್ತೆ, ಮತ್ತೆ ಬಿಸಿ ಮಾಡಿದ್ದು ಹೊಳೀತಿರುತ್ತೆ ಇಲ್ಲಾಂದ್ರೆ ಸುತ್ತ ಫ್ಲಕ್ಸ್ ಕಂದು ಬಣ್ಣಕ್ಕೆ ಹರಡಿರುತ್ತೆ.

ಪಿಕಪ್ ಸತ್ತಿದೆಯಾ ಬದುಕಿದೆಯಾ ಅಂತ ನೋಡೋಕಂತೂ ಬಿಚ್ಚೋದೂ ಬೇಕಾಗಿಲ್ಲ. ಒಂದು ಮಲ್ಟಿಮೀಟರ್ ಜೇಬಲ್ಲಿಟ್ಕೊಂಡು ಹೋಗಿ, ಎಸ್‌ಪಿ ರೋಡಲ್ಲಿ ಕೆಲವು ನೂರು ರೂಪಾಯಿಗೆ ಸಿಗೋದೇ ಸಾಕು. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ಕೊನೆಯ ಜ್ಯಾಕ್ ಪಿನ್ನಿನ ತುದಿಗೆ ಒಂದು ಪ್ರೋಬ್, ಪಿನ್ನಿನ ಉದ್ದ ಭಾಗಕ್ಕೆ ಇನ್ನೊಂದು ಪ್ರೋಬ್ ಹಿಡೀರಿ, ಮೀಟರ್ 20 ಕಿಲೋ ಓಮ್ ರೇಂಜಲ್ಲಿರ್ಲಿ, ವಾಲ್ಯೂಮ್ ಪೂರ್ತಿ ಮೇಲಿರ್ಲಿ. ಸ್ವಿಚ್ ಒಂದೊಂದು ಪಿಕಪ್‌ಗೆ ತಂದಾಗ್ಲೂ ಐದೂವರೆಯಿಂದ ಆರರ ಆಸುಪಾಸು ತೋರಿಸ್ಬೇಕು. ಯಾವ್ದಾದ್ರೂ ಒಂದಕ್ಕೆ ಮೀಟರ್ ರೇಂಜ್ ಮೀರಿ ಹೋಯ್ತು, ದೊಡ್ಡ ರೇಂಜಿಗೆ ಹಾಕಿದಾಗ 250 ಕಿಲೋ ಓಮ್ ಹತ್ರ ತೋರಿಸ್ತು ಅಂದ್ರೆ ಆ ಪಿಕಪ್‌ನ ಸುರುಳಿ ಕಡಿದೋಗಿದೆ, ಮೀಟರಿಗೆ ಕಾಣ್ತಿರೋದು ಬರೀ ವಾಲ್ಯೂಮ್ ಪಾಟ್. ಸುರುಳಿ ಮತ್ತೆ ಸುತ್ತಿಸ್ಬೋದು, ನುಡಿಸೋಕೆ ಚೆನ್ನಾಗೇ ಇರುತ್ತೆ, ಆದ್ರೆ ಒರಿಜಿನಲ್ ಬೆಲೆ ಬರಲ್ಲ.

ನೆಕ್ ಬಗ್ಗೆ ನಾನು ಇನ್ನೂ ಕಟ್ಟುನಿಟ್ಟು. ಪಾಟು, ಸ್ವಿಚ್ಚು, ಪಿಕಪ್ಪು ಎಲ್ಲಾ ಬದಲಾಯಿಸ್ಬೋದು, ನೆಕ್ ಕೆಟ್ಟಿದ್ರೆ ಗಿಟಾರೇ ಕೆಟ್ಟ ಹಾಗೆ. ಮೊದಲನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ರ ಒಂದು ಬೆರಳು, ಕೊನೇ ಫ್ರೆಟ್ ಹತ್ರ ಒಂದು ಬೆರಳು ಒತ್ತಿ ಹಿಡಿದು ಏಳೆಂಟನೇ ಫ್ರೆಟ್ ಹತ್ರ ತಂತಿ ಕೆಳಗೆ ಎಷ್ಟು ಸಂದಿ ಇದೆ ನೋಡಿ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ರೆ ಟ್ರಸ್ ರಾಡ್ ಇನ್ನೂ ತಿರುಗುತ್ತಾ ಕೇಳಿ, ಮಾರೋರ ಕೈಲೇ ಕಾಲು ಸುತ್ತು ತಿರುಗಿಸಿ ನೋಡಿ. ರಾಡ್ ಕೊನೆ ಮುಟ್ಟಿ ನೆಕ್ ಇನ್ನೂ ಬಾಗಿದ್ರೆ ವಾಪಸ್ ಬಂದ್ಬಿಡಿ. ಮೇಪಲ್ ಮರದ ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿರೋ ಹಲಗೆ) ಆದ್ರೆ ಇನ್ನೊಂದು ಖರ್ಚು ನೆನಪಿಡಿ, ಫ್ರೆಟ್ ಸವೆದು ಹೋಗಿ ಬದಲಾಯಿಸ್ಬೇಕಾದ್ರೆ ಬೋರ್ಡಿನ ಮೇಲಿನ ಲ್ಯಾಕರ್ (ಹೊಳಪಿನ ಲೇಪ) ಕೂಡ ಮತ್ತೆ ಹಾಕಿಸ್ಬೇಕು, ಹಾಗಾಗಿ ಆ ಕೆಲಸ ಬೀಟೆ ಬೋರ್ಡಿಗಿಂತ ದುಬಾರಿ. ಮೂರು ಬೋಲ್ಟಿನ ನೆಕ್‌ಗೆ ಕೆಟ್ಟ ಹೆಸರು ಬಂದಿದ್ದು ಅದು ಅಡ್ಡಡ್ಡ ಅಲ್ಲಾಡುತ್ತೆ ಅಂತ. ಬಾಡಿ ಗಟ್ಟಿ ಹಿಡಿದು ಹೆಡ್‌ಸ್ಟಾಕನ್ನ ಮೆಲ್ಲಗೆ ಪಕ್ಕಕ್ಕೆ ತಳ್ಳಿ ನೋಡಿ, ಕೊನೇ ತಂತಿ ಫಿಂಗರ್‌ಬೋರ್ಡ್ ಅಂಚಿಗೆ ಸರಿದು ನಿಂತ್ರೆ ಜಾಯಿಂಟ್ ಸಡಿಲ. ಎಲ್ಲಾ ಗಿಟಾರಲ್ಲೂ ಹೀಗಿರಲ್ಲ, ನೆಕ್ ಪಾಕೆಟ್ (ಬಾಡಿಲಿ ನೆಕ್ ಕೂರೋ ಗುಳಿ) ಬಿಗಿಯಾಗಿ ಕೊರೆದಿರೋ 76ಗಳು ಬೇಕಾದಷ್ಟಿವೆ.

ತೂಕನೂ ನೋಡಿ, ವಿಮಾನಕ್ಕೆ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಾಕು. ಎಪ್ಪತ್ತರ ದಶಕದ ಆಶ್ ಮರದ ಸ್ಟ್ರಾಟ್‌ಗಳು ನಾಲ್ಕು ಕೆಜಿ ದಾಟೋದು ಸಾಮಾನ್ಯ, ಮೂರು ಗಂಟೆ ನಿಂತು ನುಡಿಸೋರಿಗೆ ಹೆಗಲು ಹೇಳುತ್ತೆ ಅದ್ರ ಕಷ್ಟ.

ಬೆಲೆ ವಿಷಯ. ಲಿಯೋ ಫೆಂಡರ್ ತನ್ನ ಕಂಪನಿನ 1965ರ ಜನವರಿಲಿ ಅಮೆರಿಕಾದ ಪ್ರಸಾರ ಕಂಪನಿ ಸಿಬಿಎಸ್‌ಗೆ 13 ಮಿಲಿಯನ್ ಡಾಲರ್‌ಗೆ ಮಾರಿದ್ರು, ಅದಕ್ಕಿಂತ ಹಿಂದಿನ ಗಿಟಾರ್‌ಗಳಿಗೆ ಇರೋ ಬೆಲೆ ಆಮೇಲಿನವಕ್ಕೆ ಇಲ್ಲ. 76 ಅಂದ್ರೆ ಸಿಬಿಎಸ್ ಕಾಲದ ನಟ್ಟ ನಡುವೆ. ಒಂದು ಕಾಲದಲ್ಲಿ ಇವನ್ನ ಯಾರೂ ಕೇಳ್ತಿರ್ಲಿಲ್ಲ, 65ರ ಹಿಂದಿನವು ಕೈಗೆ ಎಟುಕದಂಗೆ ಆದ್ಮೇಲೆ ಇವಕ್ಕೂ ರೇಟ್ ಬಂತು. ವಾದ್ಯಗಳನ್ನ ಮಾರೋ ಕೊಳ್ಳೋ ರಿವರ್ಬ್ ಸೈಟಲ್ಲಿ ನೋಡುವಾಗ ಜನ ಕೇಳ್ತಿರೋ ಬೆಲೆ ನೋಡ್ಬೇಡಿ, ಮಾರಾಟ ಆಗಿರೋ ಬೆಲೆ ನೋಡಿ, ಎರಡಕ್ಕೂ ತುಂಬಾ ಅಂತರ ಇರುತ್ತೆ. ಬಾಡಿಗೆ ಮತ್ತೆ ಬಣ್ಣ ಹೊಡೆಸಿದ್ರೆ ಬೆಲೆ ಅರ್ಧದ ಹತ್ರ ಇಳಿಯೋದು ಈ ವ್ಯಾಪಾರದ ವಾಡಿಕೆ, ನೆಕ್ ಬೇರೆ ಗಿಟಾರಿಂದು ಆದ್ರೆ ಇನ್ನೂ ಕೆಳಗೆ. ನಿಮ್ಮ ಪೀಸ್ ಬಿಚ್ಚಿದಾಗ ಹೇಳಿದ ಹಾಗೇ ಇದ್ದು, ನೆಕ್ ನೆಟ್ಟಗಿದ್ದು, ಮುಖ್ಯವಾಗಿ ಕೈಗೆ ತಗೊಂಡಾಗ ಇಳಿಸೋಕೆ ಮನಸ್ಸು ಬರ್ಲಿಲ್ಲ ಅಂದ್ರೆ ತಗೊಳ್ಳಿ, ಇಲ್ಲೇ ಸಿಗೋ ಗಿಟಾರಿಗೆ ಶಿಪ್ಪಿಂಗು ಕಸ್ಟಮ್ಸ್ ಡ್ಯೂಟಿ ಉಳಿಯುತ್ತಲ್ಲ, ಅದೂ ಒಂದು ಬೆಲೆನೇ.

ಪ್ರಶ್ನೆ: ನಮ್ಮೂರು ದಾವಣಗೆರೆ, ಈಗ ಯೊಕೊಹಾಮಾದಲ್ಲಿ ಕೆಲಸ, ಮುಂದಿನ ವರ್ಷ ವಾಪಸ್ ಬರ್ತಿದೀನಿ. ಇಲ್ಲಿ ಅಂಗಡಿಗಳಲ್ಲಿ ಎಂಬತ್ತರ ದಶಕದ ಫೆಂಡರ್ ಜಪಾನ್, ಗ್ರೆಕೊ, ಟೊಕಾಯ್ ಗಿಟಾರ್ ಸಿಗ್ತವೆ. ಇವು ವಿಂಟೇಜ್ ಅನ್ಸ್ಕೊಳ್ತವಾ, ಬರೀ ಕಾಪಿನಾ? ತಗೊಂಡ್ರೆ ಊರಿಗೆ ತರೋದು ಹೇಗೆ?

ಉತ್ತರ: ನೀವಿರೋ ಜಾಗದ ಬಗ್ಗೆ ನನಗೆ ನಿಜವಾಗ್ಲೂ ಹೊಟ್ಟೆಕಿಚ್ಚಾಗುತ್ತೆ. ಟೋಕಿಯೋದ ಒಚಾನೊಮಿಜು ರಸ್ತೆಗೆ ಹೋದ್ರೆ ಒಂದರ ಪಕ್ಕ ಒಂದು ಗಿಟಾರ್ ಅಂಗಡಿ, ಒಂದು ಶನಿವಾರ ಪೂರ್ತಿ ಅಲ್ಲೇ ಕಳೀರಿ, ದುಡ್ಡು ತಗೊಂಡು ಹೋಗ್ಬೇಡಿ, ಬರೀ ಕೈ ಪಳಗಿಸ್ಕೊಳ್ಳಿ.

ಕಾಪಿ ಅನ್ನೋ ಪದಾನ ಇವಕ್ಕೆ ಅಷ್ಟು ಸುಲಭವಾಗಿ ಬಳಸ್ಬೇಡಿ. ಎಪ್ಪತ್ತರ ದಶಕದ ಕೊನೇಲಿ ಅಮೆರಿಕಾದ ಫೆಂಡರ್ ಕೆಲಸ ಹದಗೆಟ್ಟಿತ್ತು, ಅದೇ ಹೊತ್ತಲ್ಲಿ ಹಮಾಮಾತ್ಸುವಿನ ಟೊಕಾಯ್‌ನೋರು, ಗ್ರೆಕೊನೋರು ಐವತ್ತರ ದಶಕದ ಫೆಂಡರ್ ಗಿಬ್ಸನ್‌ಗಳನ್ನ ಅಳತೆ ಹಿಡಿದು ಮಾಡ್ತಿದ್ರು. ಆ ಪೈಪೋಟಿ ತಡೀಲಾರ್ದೆ ಫೆಂಡರ್ 1982ರಲ್ಲಿ ಕಾಂಡಾ ಶೋಕಾಯ್, ಯಮಾನೊ ಗಾಕ್ಕಿ ಅನ್ನೋ ಎರಡು ಜಪಾನಿ ಕಂಪನಿಗಳ ಜೊತೆ ಸೇರಿ ಫೆಂಡರ್ ಜಪಾನ್ ಶುರು ಮಾಡ್ತು. ಗ್ರೆಕೊ ಬ್ರ್ಯಾಂಡ್ ಇದ್ದಿದ್ದೂ ಇದೇ ಕಾಂಡಾ ಶೋಕಾಯ್ ಹತ್ರ. ಗಿಟಾರ್ ತಯಾರಾಗ್ತಿದ್ದಿದ್ದು ನಾಗಾನೊ ಪ್ರಾಂತ್ಯದ ಮಾತ್ಸುಮೊಟೊದ ಫುಜಿಜೆನ್ ಫ್ಯಾಕ್ಟರಿಲಿ, ಐಬನೆಜ್ ಮಾಡ್ತಿದ್ದೋರೂ ಅವ್ರೇ. 1985ರಲ್ಲಿ ಸಿಬಿಎಸ್ ಕೈಯಿಂದ ಫೆಂಡರನ್ನ ಅದ್ರ ಸಿಬ್ಬಂದಿನೇ ಕೊಂಡುಕೊಂಡಾಗ ಹಳೇ ಫುಲರ್ಟನ್ ಫ್ಯಾಕ್ಟರಿ ಆ ಒಪ್ಪಂದದಲ್ಲಿ ಸೇರಿರ್ಲಿಲ್ಲ, ಆಗ ಕಂಪನಿ ಬದುಕಿದ್ದೇ ಈ ಜಪಾನಿನ ಗಿಟಾರ್‌ಗಳ ಮೇಲೆ. ಇಷ್ಟು ಚರಿತ್ರೆ ಇರೋ ಗಿಟಾರ್ ವಿಂಟೇಜ್ ಅಲ್ದೆ ಇನ್ನೇನು.

ಹುಡುಕೋದಾದ್ರೆ ಸೀರಿಯಲ್ ನಂಬರ್ ಜೆವಿ ಅಕ್ಷರದಿಂದ ಶುರುವಾಗೋದನ್ನ ಹುಡುಕಿ, ಅವು 1982ರಿಂದ 84ರ ಮೊದಲ ಪೀಳಿಗೆ, ಫೆಂಡರ್ ಹೆಸರಲ್ಲೂ ಇವೆ ಸ್ಕ್ವಾಯರ್ (ಫೆಂಡರ್‌ನದೇ ಕಮ್ಮಿ ಬೆಲೆ ಬ್ರ್ಯಾಂಡ್) ಹೆಸರಲ್ಲೂ ಇವೆ. ಫೆಂಡರ್ ಮಾಡೆಲ್ ಹೆಸರಲ್ಲೇ ಬೆಲೆ ಅಡಗಿರುತ್ತೆ, ಎಸ್‌ಟಿ62-65 ಅಂದ್ರೆ 62ರ ಸ್ಟ್ರಾಟ್ ಮಾದರಿ, ಆಗಿನ ಬೆಲೆ 65 ಸಾವಿರ ಯೆನ್. 115 ಅಂತ ಇದ್ರೆ 1 ಲಕ್ಷ 15 ಸಾವಿರ ಯೆನ್, ಅದು ಮೇಲಿನ ದರ್ಜೆ, ಅದಕ್ಕೆ ಅಮೆರಿಕಾದ ಪಿಕಪ್, ಲ್ಯಾಕರ್ ಫಿನಿಶ್ ಎಲ್ಲಾ ಬರ್ತಿತ್ತು. ಹಾಗಾಗಿ ಒಂದೇ ವರ್ಷದ ಎರಡು ಗಿಟಾರ್‌ಗೆ ಯಾಕಿಷ್ಟು ವ್ಯತ್ಯಾಸ ಅಂತ ಅಂಗಡಿಲಿ ಕೇಳೋ ಮುಂಚೆ ಆ ಅಂಕಿ ಓದ್ಕೊಳ್ಳಿ. ಮೇಲಿನ ಉತ್ತರದಲ್ಲಿ ಹೇಳಿದ 137, 304ರ ಲೆಕ್ಕ ಇಲ್ಲಿ ನಡೆಯಲ್ಲ, ಇವುಗಳಲ್ಲಿ ಸಾಮಾನ್ಯವಾಗಿ ಜಪಾನಿ ಪಾಟ್‌ಗಳಿರುತ್ವೆ. ಜಂಕ್ ಅಂತ ಚೀಟಿ ಅಂಟಿಸಿರೋದನ್ನ ರಿಪೇರಿ ಬಂದ್ರೆ ಮಾತ್ರ ಮುಟ್ಟಿ, ಅಲ್ಲಿ ಜಂಕ್ ಅಂದ್ರೆ ಕೆಟ್ಟೋಗಿದೆ ಅಂತಲ್ಲ, ನಾವು ಜವಾಬ್ದಾರಿ ತಗೊಳ್ಳಲ್ಲ ವಾಪಸ್ಸೂ ತಗೊಳ್ಳಲ್ಲ ಅಂತ.

ಇನ್ನೊಂದು ಮಾತು ಕಿವಿಗೆ ಬೀಳುತ್ತೆ, "ಇದು ಲಾಸೂಟ್ ಗಿಟಾರ್" ಅಂತ, ಅಂದ್ರೆ ಕಾಪಿ ಮಾಡಿದ್ದಕ್ಕೆ ಕೇಸ್ ಬಿದ್ದಿದ್ದ ಗಿಟಾರ್ ಅಂತ. ನಿಜವಾದ ಕೇಸ್ ನಡೆದಿದ್ದು 1977ರಲ್ಲಿ, ಗಿಬ್ಸನ್‌ನ ಒಡೆತನ ಇದ್ದ ನಾರ್ಲಿನ್ ಕಂಪನಿ ಐಬನೆಜ್‌ನ ಅಮೆರಿಕಾದ ವಿತರಕ ಎಲ್ಗರ್ ಮೇಲೆ ಹಾಕಿದ್ದು, ವಿಷಯ ಬರೀ ಹೆಡ್‌ಸ್ಟಾಕ್ ಆಕಾರ, ಮುಂದಿನ ವರ್ಷ ಕೋರ್ಟ್ ಹೊರಗೇ ಬಗೆಹರೀತು. ಟೊಕಾಯ್, ಗ್ರೆಕೊ, ಇನ್ಯಾವುದೋ ಹೆಸರಿಲ್ಲದ ಗಿಟಾರಿಗೆಲ್ಲ ಆ ಚೀಟಿ ಅಂಟಿಸಿ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೇಳಿದ್ರೆ ಆ ಜಾಸ್ತಿ ದುಡ್ಡು ಕೊಡ್ಬೇಡಿ. ಬಜೆಟ್ ಇದ್ರೆ ಯಮಾಹಾ ಎಸ್‌ಜಿ2000 ಕೂಡ ನೋಡಿ, 1976ರಲ್ಲಿ ಬಂದಿದ್ದು, ಕಾರ್ಲೋಸ್ ಸಂಟಾನಾ ನುಡಿಸಿದ ಗಿಟಾರ್, ಯಾರದ್ದೂ ಕಾಪಿ ಅಲ್ಲ.

ತರೋ ವಿಷಯ. ಬೋಲ್ಟ್ ನೆಕ್ ಗಿಟಾರಿಗೆ ಇರೋ ದೊಡ್ಡ ಅನುಕೂಲ ಇದೇ, ತಂತಿ ಪೂರ್ತಿ ಸಡಿಲ ಮಾಡಿ ನಾಲ್ಕು ಸ್ಕ್ರೂ ತೆಗೆದ್ರೆ ನೆಕ್ಕೂ ಬಾಡಿನೂ ಬೇರೆ ಬೇರೆ ಸುತ್ತಿ ದೊಡ್ಡ ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಇಡ್ಬೋದು. ನೆಕ್ ಪಾಕೆಟಲ್ಲಿ ತೆಳ್ಳಗಿನ ಚೂರು ಏನಾದ್ರೂ ಇದ್ರೆ ಅದು ಕಸ ಅಂತ ಎಸೀಬೇಡಿ, ಕೋನ ಸರಿ ಮಾಡೋಕೆ ಇಟ್ಟಿರೋದು, ಟೇಪ್ ಹಾಕಿ ಜೊತೇಲೇ ಇಡಿ. ಊರಿಗೆ ಬಂದ ತಕ್ಷಣ ಪೆಟ್ಟಿಗೆ ತೆಗೀಬೇಡಿ, ವಿಮಾನದ ಹೊಟ್ಟೆಲಿ ತಣ್ಣಗಾಗಿರೋ ಲ್ಯಾಕರ್ ದಾವಣಗೆರೆ ಬಿಸಿಲಿಗೆ ದಿಢೀರ್ ಅಂತ ಬಂದ್ರೆ ಮೈ ತುಂಬಾ ಕೂದಲೆಳೆ ಬಿರುಕು ಬಿಡುತ್ತೆ, ಕೆಲವು ಗಂಟೆ ಮುಚ್ಚಿದ ಹಾಗೇ ಮನೆಲಿರ್ಲಿ. ಅಂಗಡಿ ಬಿಲ್ ಕೈಲಿ ಇಟ್ಕೊಳ್ಳಿ, ಡ್ಯೂಟಿ ನಿಯಮ ಬದಲಾಗ್ತಾ ಇರುತ್ತೆ, ಹೊರಡೋ ವಾರ ಭಾರತದ ಕಸ್ಟಮ್ಸ್ ಸೈಟಲ್ಲಿ ಬ್ಯಾಗೇಜ್ ನಿಯಮ ಓದ್ಕೊಳ್ಳಿ.

ಮರದ ಕಾನೂನಿನ ಬಗ್ಗೆ ಹೆದರ್ಸೋರು ತುಂಬಾ ಜನ. ತೊಂದರೆ ಇರೋದು ಬ್ರೆಜಿಲ್ ರೋಸ್‌ವುಡ್‌ಗೆ, ಅದು 1992ರಿಂದ ಸೈಟಿಸ್ (ಅಳಿವಿನ ಅಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಅನ್ನೋದ್ರ ಅತಿ ಕಟ್ಟುನಿಟ್ಟಿನ ಪಟ್ಟಿಲಿದೆ, ಅರವತ್ತರ ದಶಕದ ಮಧ್ಯದ ತನಕದ ಅಮೆರಿಕಾ ಗಿಟಾರ್‌ಗಳ ಫಿಂಗರ್‌ಬೋರ್ಡಲ್ಲಿ ಅದು ಇರುತ್ತೆ, ಅಂಥದ್ದನ್ನ ಕಾಗದ ಇಲ್ದೆ ಗಡಿ ದಾಟಿಸೋ ಹಾಗಿಲ್ಲ. ಆಮೇಲಿನವಕ್ಕೆ ಹೆಚ್ಚಾಗಿ ಹಾಕಿದ್ದು ಭಾರತದ ರೋಸ್‌ವುಡ್, ಅಂದ್ರೆ ನಮ್ಮ ಕೊಡಗು ಮಲೆನಾಡಿನ ಕಾಡಲ್ಲಿ ಬೆಳೆಯೋ ಬೀಟೆ ಜಾತಿ, ಮೈಸೂರಿನ ಕೆತ್ತನೆ ಕೂರಿಸೋರು ಬಳಸೋದೂ ಅದೇ. ಬೀಟೆ ಇರೋ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಸೈಟಿಸ್ ಪರ್ಮಿಟ್ ಬೇಕಾಗಿಲ್ಲ. ಆಂಪ್ ತರೋ ಆಸೆ ಇದ್ರೆ ಒಂದೇ ಎಚ್ಚರಿಕೆ, ಜಪಾನಿನ ಕರೆಂಟ್ 100 ವೋಲ್ಟ್, ನಮ್ಮದು 230, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಪ್ಲಗ್ ಹಾಕಿದ್ರೆ ಅದು ಅವತ್ತೇ ಸುಟ್ಟೋಗುತ್ತೆ.

ಪ್ರಶ್ನೆ: ಮೈಸೂರಲ್ಲಿ ಒಂದು ಗಿಬ್ಸನ್ ಲೆಸ್ ಪಾಲ್ ಇದೆ, ನಂಬರ್ 72839519. 1979 ಅಂತಾರೆ. ಹೆಡ್‌ಸ್ಟಾಕ್ ಒಂದ್ಸಲ ಮುರಿದು ಅಂಟಿಸಿದಾರಂತೆ, ಅದನ್ನ ಅವ್ರೇ ಹೇಳಿದ್ರು. ಬಿಟ್ಬಿಡ್ಲಾ?

ಉತ್ತರ: ಅವ್ರೇ ಬಾಯಿಬಿಟ್ಟು ಹೇಳಿದ್ರಲ್ಲ, ಅದೇ ಒಳ್ಳೇ ಲಕ್ಷಣ. ನಂಬರ್ ಸರಿಯಾಗೇ ಕೂರುತ್ತೆ. 1977ರಿಂದ 2005ರ ತನಕ ಗಿಬ್ಸನ್ ಎಂಟು ಅಂಕಿ ಒತ್ತುತ್ತಿತ್ತು, ಮೊದಲನೇದೂ ಐದನೇದೂ ಸೇರಿದ್ರೆ ವರ್ಷ, ನಿಮ್ಮದು 7 ಮತ್ತೆ 9. ನಡುವಿನ 283 ಅಂದ್ರೆ ವರ್ಷದ 283ನೇ ದಿನ, ಅಕ್ಟೋಬರ್ 10. ಕೊನೇ ಮೂರು 500ರ ಮೇಲಿದ್ರೆ ನ್ಯಾಶ್‌ವಿಲ್ ಫ್ಯಾಕ್ಟರಿ, ಕೆಳಗಿದ್ರೆ ಕಲಮಜೂದ ಹಳೇ ಫ್ಯಾಕ್ಟರಿ (ಅದು 1984ರಲ್ಲಿ ಮುಚ್ಚಿತು). ಈ ನಂಬರ್ ಮರಕ್ಕೇ ಒತ್ತಿರೋದು, ಸ್ಟಿಕರ್ ಅಲ್ಲ, ಆದ್ರೂ ಅಕ್ಷರದ ಅಂಚು ಹೊಸದಾಗಿ ಹರಿತವಾಗಿ ಕಾಣ್ತಿದ್ಯಾ, ಮೇಲೆ ಲ್ಯಾಕರ್ ಮುಚ್ಚಿದ್ಯಾ ನೋಡಿ.

ಮುರಿಯೋದು ಈ ಗಿಟಾರಿನ ಹುಟ್ಟುಗುಣ. ಹೆಡ್‌ಸ್ಟಾಕ್ ಹಿಂದಕ್ಕೆ 14ರಿಂದ 17 ಡಿಗ್ರಿ ವಾಲಿರುತ್ತೆ, ಅದೇ ಜಾಗದಲ್ಲಿ ಟ್ರಸ್ ರಾಡ್ ತಿರುಗಿಸೋ ನಟ್‌ಗೆ ಅಂತ ಮರ ಕೊರೆದು ತೆಗೆದಿರ್ತಾರೆ, ಗಿಟಾರ್ ಬೆನ್ನ ಮೇಲೆ ಬಿದ್ರೆ ಎಲ್ಲಾ ಏಟು ಅಲ್ಲೇ. ಉದ್ದಕ್ಕೆ, ಮರದ ಎಳೆ ಜೊತೇಲಿ ಓರೆಯಾಗಿ ಸೀಳಿದ್ರೆ ಅಂಟು ಹಿಡಿಯೋ ಜಾಗ ಜಾಸ್ತಿ, ಒಳ್ಳೆ ಕೆಲಸಗಾರ ಕೂಡಿಸಿದ್ರೆ ಮತ್ತೆ ಅಲ್ಲಿ ಬಿಡಲ್ಲ. ಅಡ್ಡಕ್ಕೆ ಲಟ್ ಅಂತ ಮುರಿದಿದ್ರೆ ಒಳಗೆ ಮರದ ಪಟ್ಟಿ ಕೂರಿಸಿದಾರಾ ಕೇಳಿ, ಬರೀ ಅಂಟಾದ್ರೆ ಬೇಡ. ಕಣ್ಣು ಮುಚ್ಚಿ ಬಿರುಕಿನ ಮೇಲೆ ಉಗುರು ಎಳೀರಿ, ಎಡವಿದ್ರೆ ಕೆಲಸ ಸರಿ ಆಗಿಲ್ಲ. ನೋಟು ಚೆಕ್ ಮಾಡೋ ನೀಲಿ ಯುವಿ ಟಾರ್ಚ್ ಇದ್ರೆ ಕತ್ತಲ ಕೋಣೇಲಿ ಹಿಡಿದು ನೋಡಿ, ಹಳೇ ಲ್ಯಾಕರ್ ಹಸಿರು ಹಳದಿಯಾಗಿ ಮಿನುಗುತ್ತೆ, ಆಮೇಲೆ ಬಣ್ಣ ಮುಟ್ಟಿಸಿದ ಜಾಗ ಕಪ್ಪಗೆ ಬೇರೆ ಥರ ಕಾಣುತ್ತೆ, ಎಷ್ಟು ದೂರ ರಿಪೇರಿ ಹೋಗಿದೆ ಅಂತ ನಕ್ಷೆ ಬರೆದಂಗೆ ಗೊತ್ತಾಗುತ್ತೆ. ಆಮೇಲೆ ಅರ್ಧ ಗಂಟೆ ನುಡಿಸಿ, ತಂತಿ ಜೋರಾಗಿ ಬೆಂಡ್ ಮಾಡಿ, ಶ್ರುತಿ ನಿಲ್ಲುತ್ತಾ ನೋಡಿ.

ಇಂಥ ಗಿಟಾರಿನ ಬೆಲೆ ಮುರೀದೇ ಇರೋದ್ರ ಅರ್ಧ ಅಂತ ಇಟ್ಕೊಂಡು ಮಾತಾಡಿ. ಲಾಭಕ್ಕೆ ಮಾರೋ ಯೋಚನೆ ಇದ್ರೆ ಬೇಡ. ನುಡಿಸೋಕಾದ್ರೆ ನಾನು ಎರಡನೇ ಯೋಚನೆ ಮಾಡಲ್ಲ, ಒಳ್ಳೇ ಹಳೇ ಲೆಸ್ ಪಾಲ್ ಸಾಮಾನ್ಯ ಸಂಬಳದೋರ ಕೈಗೆ ಬರೋ ದಾರಿ ಇದೊಂದೇ.

ಪ್ರಶ್ನೆ: ಅಪ್ಪನ ಹಳೇ ಗಿವ್‌ಸನ್ ಎಲೆಕ್ಟ್ರಿಕ್ ಗಿಟಾರ್ ಅಟ್ಟದ ಮೇಲೆ ಸಿಕ್ತು. ಇದು ಗಿಬ್ಸನ್ನಾ? ಬೆಲೆ ಬಾಳುತ್ತಾ? (ಶಿವಮೊಗ್ಗದಿಂದ)

ಉತ್ತರ: ಗಿಬ್ಸನ್ ಅಲ್ಲ, ಕೋಲ್ಕತ್ತಾದ ಬ್ರ್ಯಾಂಡ್. ವಿದೇಶಿ ಗಿಟಾರ್ ಆಮದು ಅಂದ್ರೆ ಕನಸಾಗಿದ್ದ ಕಾಲದಲ್ಲಿ ನಮ್ಮ ದೇಶದ ಆರ್ಕೆಸ್ಟ್ರಾಗಳು, ಚರ್ಚು, ಕಾಲೇಜು ಬ್ಯಾಂಡುಗಳು ಇಂಥ ಗಿಟಾರ್‌ಗಳ ಮೇಲೇ ಬೆಳೆದ್ವು. ಮಾರೋಕೆ ಹೋದ್ರೆ ಹೇಳಿಕೊಳ್ಳೋವಷ್ಟು ದುಡ್ಡು ಬರಲ್ಲ. ಅಪ್ಪ ನುಡಿಸಿದ್ದು, ಇಟ್ಕೊಳ್ಳಿ. ಹೊಸ ತಂತಿ ಹಾಕಿಸಿ, ಪಾಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ, ಜ್ಯಾಕ್ ಬದಲಾಯಿಸಿ, ಇಷ್ಟಕ್ಕೇ ಸದ್ದು ಬಂದ್ರೂ ಬರುತ್ತೆ. ಬಿರಡೆಗಳು ಜಾರ್ತಿದ್ರೆ ಒಂದು ಸೆಟ್ ಹೊಸದು ಹಾಕಿಸಿ, ಹಳೇದನ್ನ ಪೊಟ್ಟಣ ಕಟ್ಟಿ ಗಿಟಾರ್ ಜೊತೆಗೇ ಇಡಿ.

ಪ್ರಶ್ನೆ: ಮಗನಿಗೆ ಹದಿನಾರು ವರ್ಷ, ಈಗಷ್ಟೇ ಕಲಿಯೋಕೆ ಶುರು ಮಾಡಿದಾನೆ. ಹಳೇ ವಿಂಟೇಜ್ ಗಿಟಾರೇ ಬೇಕು ಅಂತ ಹಟ. ಅರವತ್ತು ಸಾವಿರದ ತನಕ ಕೊಡಬಹುದು. ಏನು ಮಾಡ್ಲಿ? (ಹುಬ್ಬಳ್ಳಿಯ ತಾಯಿಯೊಬ್ಬರು)

ಉತ್ತರ: ಅಕ್ಕಾರ, ಈಗ ಬ್ಯಾಡ್ರಿ. ಅವನ ಆಸೆ ನನಗೆ ಪೂರ್ತಿ ಅರ್ಥ ಆಗುತ್ತೆ, ಆದ್ರೆ ಆ ದುಡ್ಡಿಗೆ ಸಿಗೋ "ವಿಂಟೇಜ್" ಅಂದ್ರೆ ಬಹುತೇಕ ಏನಾದ್ರೂ ಒಂದು ಕೆಟ್ಟಿರೋದೇ, ಕಲಿಯೋ ಹುಡುಗನಿಗೆ ಶ್ರುತಿ ನಿಲ್ಲದ, ತಂತಿ ಎತ್ತರ ಇರೋ ಗಿಟಾರ್ ಕೊಟ್ರೆ ಬೆರಳು ನೋಯುತ್ತೆ, ತಪ್ಪು ತನ್ನದಾ ಗಿಟಾರಿಂದಾ ಅಂತ ಅವನಿಗೆ ಗೊತ್ತಾಗಲ್ಲ, ಆರು ತಿಂಗಳಿಗೆ ಮೂಲೆಗಿಡ್ತಾನೆ. ಹೊಸ ಯಮಾಹಾ ಪೆಸಿಫಿಕಾ ಇಲ್ಲಾ ಸ್ಕ್ವಾಯರ್ ಒಂದು ಕೊಡಿಸ್ರಿ, ಚಿಕ್ಕ ಆಂಪ್ ಒಂದು, ಉಳಿದ ದುಡ್ಡು ಮೇಷ್ಟ್ರ ಫೀಸಿಗೆ. ಎರಡು ಮೂರು ವರ್ಷ ನುಡಿಸಿದ್ಮೇಲೆ ಅವನ ಕೈಗೇ ತಿಳಿಯುತ್ತೆ ಯಾವ ನೆಕ್ ಹಿಡಿಸುತ್ತೆ ಅಂತ, ಆಗ ಹಳೇದು ಹುಡುಕಲಿ. ಮನೆ ಹಳೇದಾಗಿದ್ರೆ ಆ ಪ್ಲಗ್‌ಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ನ ಕರೆಸಿ ನೋಡಿಸ್ರಿ, ಇದನ್ನ ಮಾತ್ರ ಮರೀಬ್ಯಾಡ್ರಿ, ಅರ್ಥಿಂಗ್ ಇಲ್ಲದ ಕಡೆ ಆಂಪ್ ಕೆಟ್ರೆ ಕರೆಂಟು ತಂತಿ ಮೂಲಕ ಕೈಗೇ ಬರುತ್ತೆ.

ಪ್ರಶ್ನೆ: ಮಂಗಳೂರಲ್ಲಿದ್ದೇನೆ. ಹೋದ ವರ್ಷ ತೆಗೆದುಕೊಂಡ 1973ರ ಗಿಬ್ಸನ್ ಎಸ್‌ಜಿಯ ಬಣ್ಣ ಅಲ್ಲಲ್ಲಿ ಎದ್ದಿದೆ, ಮಳೆಗಾಲದಲ್ಲಿ ಮೈ ಅಂಟಂಟು. ಕಾರ್ಪೆಂಟರ್ ಒಬ್ಬರು ಉಜ್ಜಿ ಹೊಸ ಪಾಲಿಶ್ ಹಾಕಿ ಕೊಡುತ್ತೇನೆ ಅಂತಾರೆ.

ಉತ್ತರ: ದಯವಿಟ್ಟು ಮಾಡಿಸ್ಬೇಡಿ. ಉಜ್ಜಿದ ಕ್ಷಣಕ್ಕೆ ಅರ್ಧ ಬೆಲೆ ಹೋಯ್ತು, ವಾಪಸ್ ತರೋ ದಾರಿ ಯಾವ್ದೂ ಇಲ್ಲ. ಅದ್ರ ಮೇಲಿರೋದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಸೆಕೆಗೆ, ಕೈ ಬೆವರಿಗೆ ಮೆತ್ತಗಾಗೋದು ಅದ್ರ ಸ್ವಭಾವ. ನುಡಿಸಿದ್ಮೇಲೆ ಹತ್ತಿ ಬಟ್ಟೆಲಿ ಒರೆಸಿ, ಕೊಳೆ ಗಟ್ಟಿಯಾಗಿದ್ರೆ ಕಾಣದ ಜಾಗದಲ್ಲಿ ಮೊದಲು ನೋಡ್ಕೊಂಡು ಸಿಗರೇಟ್ ಲೈಟರ್ ಪೆಟ್ರೋಲಲ್ಲಿ ಬಟ್ಟೆ ಸ್ವಲ್ಪ ತೋಯಿಸಿ ಒರೆಸಿ, ಕಿಟಕಿ ತೆಗೆದಿರ್ಲಿ, ಹತ್ರದಲ್ಲಿ ಬೆಂಕಿ ಇರ್ಬಾರ್ದು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ರಕ್ಕೂ ತರ್ಬೇಡಿ, ಲ್ಯಾಕರ್ ಕರಗಿ ಹೋಗುತ್ತೆ. ಸ್ಟ್ಯಾಂಡ್ ಮೇಲೆ ಇಡ್ತೀರಾದ್ರೆ ರಬ್ಬರ್ ಮುಟ್ಟೋ ಕಡೆಗೆಲ್ಲ ಹತ್ತಿ ಬಟ್ಟೆ ಸುತ್ತಿ, ಆ ರಬ್ಬರಿಗೂ ಈ ಲ್ಯಾಕರಿಗೂ ಆಗಲ್ಲ, ತಿಂಗಳೊಪ್ಪತ್ತಲ್ಲಿ ಕಲೆ ಬೀಳುತ್ತೆ.

ನಿಮ್ಮ ಕಡೆ ದೊಡ್ಡ ಶತ್ರು ತೇವ. ಕೇಸ್ ಒಳಗೆ ಒಂದು ಪುಟ್ಟ ಹೈಗ್ರೋಮೀಟರ್ ಇಡಿ, 45ರಿಂದ 55 ಶೇಕಡಾ ಇದ್ರೆ ಮರಕ್ಕೆ ಹಿತ, ಜೂನ್ ಜುಲೈಲಿ ಮಂಗಳೂರಲ್ಲಿ ಅದು ಎಂಬತ್ತು ದಾಟುತ್ತೆ. ಸಿಲಿಕಾ ಜೆಲ್‌ನ ದೊಡ್ಡ ಪ್ಯಾಕೆಟ್ ಎರಡು ಹಾಕಿ, ಬಣ್ಣ ಬದಲಾದ ತಕ್ಷಣ ಪ್ಯಾಕೆಟ್ ಮೇಲೆ ಬರೆದಿರೋ ಹಾಗೆ ಒಣಗಿಸಿ ಮತ್ತೆ ಬಳಸಿ. ಗೋಡೆಗೆ ತಗುಲಿ ಹಾಕೋದು ಮಳೆಗಾಲ ಮುಗಿಯೋ ತನಕ ಬೇಡ. ತೇವಕ್ಕೆ ನೆಕ್ ಸ್ವಲ್ಪ ಎದ್ದು ತಂತಿ ಎತ್ತರ ಆಗಿದೆ ಅನ್ಸಿದ್ರೆ ಜೂನಲ್ಲೇ ಟ್ರಸ್ ರಾಡ್ ಬಿಗಿ ಮಾಡ್ಬೇಡಿ, ಸಿಲಿಕಾ ಜೆಲ್ ಹಾಕಿ ಎರಡು ವಾರ ಕೇಸಲ್ಲಿಟ್ಟು ಆಮೇಲೆ ಅಳೆದು ನೋಡಿ, ಅಷ್ಟರಲ್ಲಿ ತಾನೇ ಸರಿ ಹೋಗಿದ್ರೂ ಹೋಗಿರುತ್ತೆ.